ಅಂಗೈಯಾಟದ ಮಣೆಯು ಯಾರದು?

ಮಕ್ಕಳ ಕೈಯಲ್ಲಿರುವ ಮೊಬೈಲಿನ ವಿಷಯವಾಗಿ ವಿದ್ಯಾವಂತರ ಮನೆಗಳಲ್ಲಿ ನಡೆಯುವ ಚರ್ಚೆಯು ಬಹುಮಟ್ಟಿಗೆ ಎರಡು ಮಾತುಗಳಲ್ಲಿ ಮುಗಿದುಹೋಗುತ್ತದೆ. "ಅದನ್ನು ಕಿತ್ತು ಮೇಲಿಡಿ" ಎಂಬುದು ಒಂದು ಪಕ್ಷ. "ಮಕ್ಕಳಲ್ಲವೆ, ಆಡಿಕೊಳ್ಳಲಿ ಬಿಡಿ" ಎಂಬುದು ಇನ್ನೊಂದು ಪಕ್ಷ. ಮೊದಲನೆಯವರು ತಮ್ಮನ್ನು ಧರ್ಮರಕ್ಷಕರೆಂದೂ ಎರಡನೆಯವರು ತಮ್ಮನ್ನು ಉದಾರಿಗಳೆಂದೂ ಭಾವಿಸಿಕೊಂಡಿರುವರು. ಆದರೆ ಈ ಉಭಯ ಪಕ್ಷಗಳಿಗೂ ಒಂದು ಸಾಮ್ಯವುಂಟು. ಮಗುವು ಆಡುತ್ತಿರುವ ಆಟದ ಹೆಸರೇನು, ಅದರ ನಿಯಮವೇನು, ಅದು ಎಲ್ಲಿಗೆ ಮುಗಿಯುವುದು, ಅದರಿಂದ ಲಾಭ ಯಾರಿಗೆ ಎಂಬುದನ್ನು ಇವರೂ ಕೇಳಿದವರಲ್ಲ, ಅವರೂ ಕೇಳಿದವರಲ್ಲ. ಮಗನು ಓದುವ ಕಾದಂಬರಿಯನ್ನು ತಿರುವಿಹಾಕಿ ನೋಡುವ ತಂದೆಯೂ, ಮಗಳು ನೋಡುವ ನಾಟಕದ ಗುಣದೋಷಗಳನ್ನು ವಿಚಾರಿಸುವ ತಾಯಿಯೂ ಆಟದ ವಿಷಯ ಬಂದೊಡನೆ ಕಣ್ಣು ಮುಚ್ಚಿಕೊಳ್ಳುವರು. ಪರೀಕ್ಷಿಸದೆ ಮಾಡುವ ನಿಂದೆಯೂ ಪರೀಕ್ಷಿಸದೆ ಕೊಡುವ ಅನುಮತಿಯೂ ಒಂದೇ ಅಜ್ಞಾನದಿಂದ ಹುಟ್ಟಿದುವು. ಈ ಅಜ್ಞಾನವು ಇನ್ನು ಮುಂದೆ ಕ್ಷಮಾರ್ಹವಲ್ಲವೆಂಬುದೇ ಇಲ್ಲಿ ಪ್ರತಿಪಾದಿಸತಕ್ಕ ವಿಷಯ.

ಅಂಗೈಯಲ್ಲಿ ಹಿಡಿದು ಆಡುವ ಯಂತ್ರವು ನಿನ್ನೆ ಮೊನ್ನೆ ಹುಟ್ಟಿದುದಲ್ಲ. ಜಪಾನು ದೇಶದ ಕ್ಯೋಟೋ ನಗರದಲ್ಲಿ ೧೮೮೯ರಲ್ಲಿ ಹೂವಿನ ಚಿತ್ರಗಳ ಇಸ್ಪೀಟೆಲೆಗಳನ್ನು ತಯಾರಿಸುವುದಕ್ಕಾಗಿ ಆರಂಭವಾದ ನಿಂಟೆಂಡೊ ಎಂಬ ಅಂಗಡಿಯು ೧೯೮೦ರಲ್ಲಿ 'ಗೇಮ್ ಅಂಡ್ ವಾಚ್' ಎಂಬ ಜೇಬಿನ ಯಂತ್ರವನ್ನೂ, ೧೯೮೯ರಲ್ಲಿ 'ಗೇಮ್ ಬಾಯ್' ಎಂಬುದನ್ನೂ ಹೊರತಂದಿತು. ಇಸ್ಪೀಟೆಲೆಯ ಅಂಗಡಿಯೇ ಅಂಗೈಯಾಟದ ತವರೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಆದರೆ ಸಕಲೇಶಪುರ ಆಲೂರುಗಳ ಸಾಮಾನ್ಯ ಮನೆಗಳಿಗೆ ಆಟವನ್ನು ತಂದುದು ಅಂತಹ ಪ್ರತ್ಯೇಕ ಯಂತ್ರವಲ್ಲ, ಮೊಬೈಲು. ೧೯೯೭ರಲ್ಲಿ ನೋಕಿಯ ಕಂಪೆನಿಯು ತನ್ನ ಫೋನಿನೊಳಗೆ ಹಾವಿನ ಆಟವೊಂದನ್ನು ಇರಿಸಿತು; ಕಾಳು ತಿಂದಷ್ಟೂ ಬೆಳೆಯುವ ಆ ಹಾವು ತನ್ನ ಮೈಗೆ ತಾನೇ ತಗುಲಿ ಸತ್ತಾಗ ಆಟ ಮುಗಿಯುತ್ತಿದ್ದಿತು. ೨೦೧೬ರ ಸೆಪ್ಟೆಂಬರಿನಲ್ಲಿ ಜಿಯೋ ಕಂಪೆನಿಯ ಸೇವೆ ಮೊದಲಾಗಿ ಡೇಟಾದ ಬೆಲೆಯು ಇಳಿದ ಮೇಲೆ, ಲೋಕದ ಸಮಸ್ತ ಆಟಗಳೂ ಹೆತ್ತೂರು, ಯಸಳೂರು, ಹಾನುಬಾಳು, ಕೆಂಚಮ್ಮನ ಹೊಸಕೋಟೆಗಳ ಜಗಲಿಗಳಿಗೆ ಇಳಿದು ಬಂದುವು.

"ಕಿತ್ತು ಮೇಲಿಡಿ" ಎನ್ನುವವರಿಗೆ ಈ ಬೆಟ್ಟದ ನಾಡಿನ ಸ್ಥಿತಿಯೇ ಮೊದಲನೆಯ ಉತ್ತರ. ಇಲ್ಲಿ ಮುಂಗಾರು ಹಿಡಿಯಿತೆಂದರೆ ಸೂರ್ಯನ ಮುಖವನ್ನು ಕಾಣದ ವಾರಗಳು ಉಂಟು. ಒಂದು ತೋಟದ ಮನೆಗೂ ಇನ್ನೊಂದು ತೋಟದ ಮನೆಗೂ ನಡುವೆ ಕಾಫಿಯ ಗಿಡ, ಹಳ್ಳ, ಜಿಗಣೆ. ಸಂಜೆಯಾದ ಮೇಲೆ ಕಾಡಾನೆಯ ಭಯ. ಗೆಳೆಯನ ಮನೆಗೆ ಹೋಗಿ ಆಡಿ ಬಾ ಎಂದು ಹತ್ತು ವರ್ಷದ ಮಗುವನ್ನು ಕಳುಹಿಸುವ ಧೈರ್ಯ ಯಾವ ತಾಯಿಗೆ ಉಂಟು? ಆನೆಯ ಹಿಂಡು ಎಲ್ಲಿ ಬೀಡುಬಿಟ್ಟಿದೆಯೆಂಬ ಸೂಚನೆ ಬರುವುದು ಮೊಬೈಲಿಗೆ. ಕಾಫಿ ಮೆಣಸುಗಳ ಧಾರಣೆ ಬರುವುದು ಮೊಬೈಲಿಗೆ. ಶಾಲೆಗೆ ರಜೆಯೆಂಬ ಸಮಾಚಾರವೂ ಮೊಬೈಲಿಗೆ. ೨೦೨೦ರ ಮಾರ್ಚಿಯಲ್ಲಿ ಶಾಲೆಗಳು ಮುಚ್ಚಿದಾಗ ಮಲೆನಾಡಿನ ಎಷ್ಟೋ ಮಕ್ಕಳು ಸಿಗ್ನಲು ಹುಡುಕುತ್ತ ಗುಡ್ಡ ಹತ್ತಿ ಮಳೆಯಲ್ಲಿ ಕೊಡೆ ಹಿಡಿದು ಪಾಠ ಕೇಳಿದುವು. ಅಂದು ಇದನ್ನು ಪಾಠಶಾಲೆಯೆಂದು ಕೈಗೆ ಕೊಟ್ಟ ಹಿರಿಯರೇ ಇಂದು ಇದನ್ನು ಪಿಶಾಚಿಯೆಂದು ಕರೆದರೆ ಮಕ್ಕಳು ನಂಬುವುದೆಂತು? ಈ ಯಂತ್ರವು ಮನೆಯನ್ನು ಬಿಟ್ಟು ಹೋಗುವುದಿಲ್ಲ. ಆದುದರಿಂದ ವಿಚಾರ ಮಾಡಬೇಕಾದುದು ಯಂತ್ರದ ವಿಷಯವನ್ನಲ್ಲ, ಅದರೊಳಗಿನ ಆಟಗಳ ವಿಷಯವನ್ನು.

ಇನ್ನು, ಆಟವೆಂಬುದೇ ಹೀನವೆಂದು ಸಂಸ್ಕೃತದ ನಾಲ್ಕು ಮಾತುಗಳನ್ನು ಆಡಿ ಮಕ್ಕಳನ್ನು ಹೆದರಿಸುವವರು ಕೆಲವರುಂಟು. ಅವರು ಸಂಪ್ರದಾಯವನ್ನು ಅರ್ಧ ಮಾತ್ರ ಓದಿರುವರು. ಋಗ್ವೇದದ ಹತ್ತನೆಯ ಮಂಡಲದ ಮೂವತ್ತನಾಲ್ಕನೆಯ ಸೂಕ್ತದಲ್ಲಿ ಜೂಜುಗಾರನು ತನ್ನ ಮನೆ ಕೆಟ್ಟ ಬಗೆಯನ್ನು ತಾನೇ ಹೇಳಿಕೊಂಡು ಅಳುತ್ತಾನೆಂಬುದು ನಿಜ. ಆ ಕಾಲದ ದಾಳಗಳು ವಿಭೀತಕದ ಕಾಯಿಗಳು. ಪಶ್ಚಿಮಘಟ್ಟದ ಕಾಡುಗಳಲ್ಲಿ ಬೆಳೆಯುವ ತಾರೆಯ ಮರವೇ ಅದು. ಧರ್ಮರಾಯನು ರಾಜ್ಯವನ್ನೂ ತಮ್ಮಂದಿರನ್ನೂ ಹೆಂಡತಿಯನ್ನೂ ಪಣಕ್ಕಿಟ್ಟು ಸೋತ ಕಥೆಯನ್ನು ಗದುಗಿನ ಭಾರತದ ಗಮಕದಲ್ಲಿ ಕೇಳದ ಹಳೆಯ ಮನೆಯು ಈ ಸೀಮೆಯಲ್ಲಿ ವಿರಳ. ಆದರೆ ಅಲ್ಲಿ ನಿಂದಿತವಾದುದು ಪಣವಿಟ್ಟ ಜೂಜು. ಆಟವನ್ನು ಹಿರಿಯರು ನಿಂದಿಸಲಿಲ್ಲ. ಹಾಗೆ ನಿಂದಿಸಿದ್ದರೆ ಹಂಪೆಯ ಮಂಟಪಗಳ ಕಲ್ಲುಹಾಸಿನ ಮೇಲೆ ಆಟದ ಮನೆಗಳನ್ನು ಕೊರೆದವರು ಯಾರು? ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಚದುರಂಗ, ಗಂಜೀಫು, ಪಗಡೆಗಳಲ್ಲಿ ಹೊಸ ಹೊಸ ಬಗೆಗಳನ್ನು ಕಲ್ಪಿಸಿ, ತಮ್ಮ 'ಶ್ರೀತತ್ತ್ವನಿಧಿ'ಯಲ್ಲಿ ದೇವತಾಧ್ಯಾನಗಳ ಜೊತೆಗೆ ಕೌತುಕನಿಧಿಯೆಂದು ಆಟಗಳಿಗೇ ಒಂದು ನಿಧಿಯನ್ನು ಮೀಸಲಾಗಿಟ್ಟರಲ್ಲವೆ? ದೇವತೆಗಳ ಸಾಲಿನಲ್ಲಿ ಅರಸನು ಕುಳ್ಳಿರಿಸಿದ ಆಟವನ್ನು ಅಡಿಗೆಮನೆಯ ಮೂಲೆಗೆ ನೂಕುವುದು ಸಂಪ್ರದಾಯವಲ್ಲ.

ಹಳೆಯ ಮಣೆಗಳ ಲಕ್ಷಣವನ್ನು ಒಮ್ಮೆ ನೋಡಬೇಕು. ಅಳಗುಳಿಮಣೆಯಲ್ಲಿ ಎರಡು ಸಾಲು, ಸಾಲಿಗೆ ಏಳರಂತೆ ಹದಿನಾಲ್ಕು ಗುಳಿಗಳು. ಹುಣಸೆಯ ಬೀಜವೋ ಗುಲಗಂಜಿಯೋ ಕಾಯಿ. ಚೌಕಾಬಾರಕ್ಕೆ ನೆಲದ ಮೇಲೊಂದು ಸೀಮೆಸುಣ್ಣದ ಗೆರೆ, ನಾಲ್ಕು ಕವಡೆ. ಪರಮಪದ ಸೋಪಾನಪಟದಲ್ಲಿ ಹಾವು ಎಷ್ಟು ಸಲ ನುಂಗಿದರೂ ಕೊನೆಗೊಂದು ಮೇಲಿನ ಮನೆಯುಂಟು. ಅಲ್ಲಿಗೆ ಮುಟ್ಟಿದವನು ಎದ್ದು ಕೈತೊಳೆದು ಊಟಕ್ಕೆ ಹೋಗುತ್ತಿದ್ದನು. ಘಟ್ಟದ ಕೆಳಗೆ ತುಳುನಾಡಿನಲ್ಲಿ ಚೆನ್ನೆಮಣೆಯು ಆಟಿ ತಿಂಗಳ ಮಳೆಯ ಆಟ. ಆ ಕಾಲ ಕಳೆಯಿತೆಂದರೆ ಮಣೆಯು ಅಟ್ಟ ಸೇರುವುದು. ಇವುಗಳಲ್ಲಿ ಮೂರು ಗುಣಗಳು ಸಾಮಾನ್ಯ. ಆಟಕ್ಕೆ ಕೊನೆಯುಂಟು. ಎದುರಿನಲ್ಲಿ ಮುಖವುಂಟು, ಸೋತವನ ಕಣ್ಣಿನ ನೀರು ಗೆದ್ದವನಿಗೆ ಕಾಣುವುದು. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಮಣೆಯನ್ನು ಕೆತ್ತಿದ ಬಡಗಿಯು ಕೂಲಿ ತೆಗೆದುಕೊಂಡು ಹೋದ ಮೇಲೆ ತಿರುಗಿ ಬಂದು ಪ್ರತಿಯೊಂದು ಆಟಕ್ಕೂ ಪಾಲು ಕೇಳುತ್ತಿರಲಿಲ್ಲ. ಅಜ್ಜಿ ಗೆದ್ದರೂ ಮೊಮ್ಮಗಳು ಗೆದ್ದರೂ ಅವನಿಗೆ ಒಂದೇ. ಅವರು ನಾಳೆ ಆಡದಿದ್ದರೂ ಅವನಿಗೆ ನಷ್ಟವಿರಲಿಲ್ಲ.

ಹೊಸ ಮಣೆಯ ಬಡಗಿಯು ಹೋಗುವುದೇ ಇಲ್ಲ. ಆತನು ಗಾಜಿನ ಹಿಂದೆ ಕುಳಿತಿರುವನು. ಆಟಗಾರನು ಯಾವ ಗಳಿಗೆಯಲ್ಲಿ ಬೇಸತ್ತನು, ಯಾವ ಬಣ್ಣ ತೋರಿಸಿದರೆ ಇನ್ನೊಂದು ಸಲ ಆಡುವನು, ಎಷ್ಟು ಸೋಲಿನ ಮೇಲೆ ಒಂದು ಗೆಲವು ಕೊಟ್ಟರೆ ಎದ್ದುಹೋಗಲಾರನು ಎಂಬುದನ್ನೆಲ್ಲ ಲೆಕ್ಕ ಹಾಕುತ್ತಿರುವನು. ಹಾಗೆಂದು ಎಲ್ಲ ಆಟಗಳನ್ನೂ ಒಂದೇ ಹಗ್ಗದಲ್ಲಿ ಕಟ್ಟುವುದು ನ್ಯಾಯವಲ್ಲ. ಈಗ ಜನರು ಆಡುತ್ತಿರುವ ಕೆಲವು ಆಟಗಳನ್ನು ಒಂದೊಂದಾಗಿ ತೆಗೆದು ಈ ಒರೆಗಲ್ಲಿಗೆ ತಿಕ್ಕಿ ನೋಡಬೇಕು.

ಲೂಡೋ ಆಟವು ಈ ದೇಶದ ಪಚ್ಚೀಸಿಯ ಸಂತಾನ, ಪಗಡೆಗೆ ದಾಯಾದಿ. ಅದು ಸಮುದ್ರ ದಾಟಿ ಹೋಗಿ ೧೮೯೬ರಲ್ಲಿ ಇಂಗ್ಲೆಂಡಿನಲ್ಲಿ ಹೊಸ ಹೆಸರಿನಿಂದ ನೋಂದಣಿಯಾಗಿ, ೨೦೧೬ರಲ್ಲಿ 'ಲೂಡೋ ಕಿಂಗ್' ಎಂಬ ಹೆಸರಿನಿಂದ ಮೊಬೈಲಿನಲ್ಲಿ ಮರಳಿ ಮನೆಗೆ ಬಂದಿತು. ೨೦೨೦ರ ಬಂದಿವಾಸದಲ್ಲಿ ದೂರದೂರಿನ ಮಕ್ಕಳೂ ಮನೆಯ ಮುದುಕರೂ ಇದನ್ನು ಒಟ್ಟಿಗೆ ಆಡಿದರು. ಇದಕ್ಕೆ ಕೊನೆಯುಂಟು, ಎದುರಾಳಿಯೂ ಪರಿಚಿತನಾಗಿರಬಹುದು; ನಡುನಡುವೆ ಬರುವ ಜಾಹೀರಾತೇ ಅದರ ಬಾಡಿಗೆ. ಇದನ್ನು ದೊಡ್ಡ ದೋಷವೆನ್ನಲಾಗದು. 'ಕ್ಯಾಂಡಿ ಕ್ರಷ್' ಎಂಬ ಮಿಠಾಯಿಯ ಆಟವು ೨೦೧೨ರಿಂದ ನಡೆದುಬಂದಿದೆ. ಮಕ್ಕಳಿಗಿಂತ ಹೆಚ್ಚಾಗಿ ಇದರಲ್ಲಿ ಮಗ್ನರಾಗಿರುವವರು ದೊಡ್ಡವರು. ಅದರಲ್ಲಿ ಆಟಗಾರನಿಗೆ ಐದು ಜೀವಗಳು. ಸೋತರೆ ಒಂದು ಹೋಗುವುದು. ಹೋದ ಜೀವವೊಂದು ಮರಳಿ ಬರಲು ಅರ್ಧ ಗಂಟೆ ಕಾಯಬೇಕು, ಇಲ್ಲವೆ ಹಣ ಕೊಟ್ಟು ಮುಂದುವರಿಯಬೇಕು. ಮೆಟ್ಟಿಲುಗಳೋ ಸಾವಿರಾರು, ಹತ್ತಿದಷ್ಟೂ ಹೊಸ ಮೆಟ್ಟಿಲು ಸೇರುತ್ತಿರುವುದು. ಇದೂ ಸೋಪಾನವೇ, ಆದರೆ ಪರಮಪದವಿಲ್ಲದ ಸೋಪಾನ.

ಹುಡುಗರ ನಾಲಗೆಯ ಮೇಲೆ ಸದಾ ಇರುವುದು ಗುಂಡಿನ ಆಟ. ನೂರು ಮಂದಿಯವರೆಗೆ ಒಂದು ದ್ವೀಪಕ್ಕೆ ಇಳಿದು, ಕೊನೆಗೆ ಒಬ್ಬನೋ ಒಂದು ತಂಡವೋ ಉಳಿಯುವ 'ಪಬ್‌ಜಿ'ಯು ೨೦೨೦ರ ಸೆಪ್ಟೆಂಬರು ೨ರಂದು ಈ ದೇಶದಲ್ಲಿ ನಿಷಿದ್ಧವಾಯಿತು. ೨೦೨೧ರ ಜುಲೈಯಲ್ಲಿ ಅದೇ ಮಾದರಿಯ ಆಟವು 'ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ' ಎಂಬ ಹೆಸರಿನಿಂದ ಬಂದಿತು. ೨೦೨೨ರ ಜುಲೈಯಲ್ಲಿ ಅದಕ್ಕೂ ತಡೆಯಾಯಿತು. ೨೦೨೩ರ ಮೇ ತಿಂಗಳಿನಲ್ಲಿ ಮತ್ತೆ ಬಂದಿತು. 'ಫ್ರೀ ಫೈರ್' ಎಂಬುದು ೨೦೨೨ರ ಫೆಬ್ರುವರಿಯಲ್ಲಿ ನಿಷಿದ್ಧವಾದರೂ ಅದರ ಅಣ್ಣನಾದ 'ಫ್ರೀ ಫೈರ್ ಮ್ಯಾಕ್ಸ್' ಉಳಿದುಕೊಂಡಿತು. ಈ ಆಟಗಳನ್ನು ಹಿಂಸೆಯೆಂದು ಮಾತ್ರ ನಿಂದಿಸುವವರು ಗುರಿಯ ಪಕ್ಕಕ್ಕೆ ಬಾಣ ಬಿಡುತ್ತಿರುವರು. ಯುದ್ಧವಿಲ್ಲದ ಮಹಾಕಾವ್ಯ ಯಾವುದು? ಇದಲ್ಲದೆ, ನಾಲ್ಕು ತೋಟಗಳಲ್ಲಿ ಚದುರಿಹೋದ ನಾಲ್ವರು ಸಹಪಾಠಿಗಳು ಮಳೆಯ ಸಂಜೆ ಒಂದೇ ತಂಡವಾಗಿ ಪರಸ್ಪರ ಕೂಗಿಕೊಂಡು ಆಡುವುದರಲ್ಲಿ ಸ್ನೇಹವೂ ಉಂಟು. ಅದನ್ನು ಕಾಣದವನು ಹುಡುಗರ ಮನಸ್ಸನ್ನು ಕಾಣನು. ದೋಷವಿರುವುದು ಆಟದ ಪಕ್ಕದಲ್ಲಿ ತೆರೆದಿರುವ ಅಂಗಡಿಯಲ್ಲಿ. ಒಳಗೇನಿದೆಯೆಂದು ತಿಳಿಸದ ಪೆಟ್ಟಿಗೆಯನ್ನು ಹಣ ಕೊಟ್ಟು ತೆರೆಯಬೇಕು. ಅಂಗಿಯೋ ಬಂದೂಕಿನ ಬಣ್ಣವೋ ಬಂದರೆ ಬಂದಿತು, ಇಲ್ಲದಿದ್ದರೆ ಇಲ್ಲ. ಇಂತಹ ಪೆಟ್ಟಿಗೆಗಳು ಜೂಜೇ ಸರಿಯೆಂದು ಬೆಲ್ಜಿಯಂ ದೇಶದ ಜೂಜಿನ ಮಂಡಳಿಯು ೨೦೧೮ರಲ್ಲಿಯೇ ಹೇಳಿತು. ಇಲ್ಲಿಯಾದರೋ ೨೦೨೧ರಲ್ಲಿ ಆ ಬ್ಯಾಟಲ್‌ಗ್ರೌಂಡ್ಸ್ ಆಟವು ಬಂದಾಗ ಹದಿನೆಂಟು ತುಂಬದವರಿಗೆಂದು ಒಂದು ಮಿತಿಯನ್ನು ವಿಧಿಸಿತು: ದಿನಕ್ಕೆ ಮೂರು ಗಂಟೆ ಆಟ, ದಿನಕ್ಕೆ ಏಳು ಸಾವಿರ ರೂಪಾಯಿ ಖರ್ಚು! ಒಂದು ದಿನಕ್ಕೆ ಏಳು ಸಾವಿರ ರೂಪಾಯಿಯನ್ನು ಬಾಲಕನಿಗೆ ಮಿತಿಯೆಂದು ಹೇಳುವ ಅಂಗಡಿಯ ಲೋಭವು ಎಷ್ಟಿರಬೇಕೆಂಬುದನ್ನು, ತೋಟದಲ್ಲಿ ಕಾಫಿ ಕೊಯ್ಯುವ ಹೆಂಗಸಿನ ದಿನಗೂಲಿಯನ್ನು ಬಲ್ಲವರು ಊಹಿಸಬಹುದು.

ಒಳ್ಳೆಯ ಮಣೆಗಳೂ ಅದೇ ಅಂಗೈಯಲ್ಲಿಯೇ ಇರುವುವು. ೨೦೧೦ರಲ್ಲಿ ಫ್ರಾನ್ಸಿನ ತರುಣನೊಬ್ಬನು ಆರಂಭಿಸಿದ 'ಲಿಚೆಸ್' ಎಂಬಲ್ಲಿ ಚದುರಂಗವನ್ನು ಯಾವ ಶುಲ್ಕವೂ ಇಲ್ಲದೆ, ಯಾವ ಜಾಹೀರಾತೂ ಇಲ್ಲದೆ ಆಡಬಹುದು. ದಾನದಿಂದಲೇ ಅದು ನಡೆಯುತ್ತಿರುವುದು. ೨೦೨೪ರ ಡಿಸೆಂಬರು ೧೨ರಂದು ಸಿಂಗಪುರದಲ್ಲಿ ಹದಿನೆಂಟು ವರ್ಷದ ಗುಕೇಶನು ಜಗತ್ತಿನ ಚದುರಂಗ ಪಟ್ಟವನ್ನು ಗೆದ್ದ ಸುದ್ದಿಯನ್ನು ಓದಿ ಹಿಗ್ಗಿದ ತಂದೆಯರಲ್ಲಿ, ಮನೆಯ ಮೊಬೈಲಿನಲ್ಲಿಯೇ ಅಂತಹ ಮಣೆಯೊಂದು ಕಾದಿದೆಯೆಂದು ಮಗುವಿಗೆ ತೋರಿಸಿದವರು ಎಷ್ಟು ಮಂದಿ? ಇನ್ನೊಂದು ವಿಚಿತ್ರವನ್ನು ಕೇಳಬೇಕು. ಇಂಡೋನೇಷಿಯದವರು ೨೦೧೭ರಲ್ಲಿ ತಮ್ಮ ದೇಶದ ರಸ್ತೆಗಳಲ್ಲಿ ಬಸ್ಸು ಓಡಿಸುವ ಆಟವೊಂದನ್ನು ಮಾಡಿದರು. ಬಸ್ಸಿಗೆ ಬೇಕಾದ ಬಣ್ಣವನ್ನು ಆಟಗಾರರೇ ಬಳಿದುಕೊಳ್ಳಲು ಅದರಲ್ಲಿ ಅವಕಾಶವುಂಟು. ಕನ್ನಡ ನಾಡಿನ ಹುಡುಗರು ಅದಕ್ಕೆ ಕರ್ನಾಟಕ ಸಾರಿಗೆಯ ಬಸ್ಸಿನ ಬಣ್ಣವನ್ನು ಬಳಿದು, ಹಣೆಯ ಮೇಲೆ ಊರಿನ ಹೆಸರು ಬರೆದು ಓಡಿಸುತ್ತಿರುವರು. ಶಿರಾಡಿ ಘಾಟಿಯ ತಿರುವುಗಳನ್ನು ಕಂಡು ಬೆಳೆದ ಹುಡುಗನಿಗೆ ಬಸ್ಸಿನ ಚಾಲಕನೇ ಮಹಾವೀರ. ಪರದೇಶದ ಮಣೆಯ ಮೇಲೆ ತನ್ನ ನಾಡಿನ ಹೆಸರು ಬರೆಯಬೇಕೆಂಬ ಈ ಆಸೆಯನ್ನು ಯಾವ ಗುರುವೂ ಕಲಿಸಲಿಲ್ಲ. ದೊಡ್ಡವರು "ಏನೋ ಅದು, ಹಾಳು ಬಸ್ಸು" ಎಂದು ಗದರಿಸುವಾಗ ಗದರಿಸುತ್ತಿರುವುದು ಈ ಆಸೆಯನ್ನೇ.

ಇನ್ನು ಮೂರನೆಯ ಪಕ್ಷವೊಂದು ಈಚೆಗೆ ಬಲವಾಗಿದ್ದಿತು. ಹಣ ಕಟ್ಟಿ ಆಡುವ ರಮ್ಮಿ, ಹಣ ಕಟ್ಟಿ ಕಟ್ಟುವ ಕ್ರಿಕೆಟ್ಟಿನ ತಂಡ, ಇವೆಲ್ಲ ಕೌಶಲ್ಯದ ಆಟಗಳು, ಜೂಜಲ್ಲ ಎಂಬುದು ಅವರ ವಾದ. ರಮ್ಮಿಯಲ್ಲಿ ಕೌಶಲ್ಯವೇ ಪ್ರಧಾನವೆಂದು ಸರ್ವೋಚ್ಚ ನ್ಯಾಯಾಲಯವು ೧೯೬೭ರಲ್ಲಿ ಹೇಳಿತೆಂಬುದು ದಿಟ. ಕರ್ನಾಟಕ ಸರಕಾರವು ೨೦೨೧ರಲ್ಲಿ ಪೊಲೀಸು ಕಾಯಿದೆಯನ್ನು ತಿದ್ದಿ ಹಣದ ಆಟಗಳನ್ನು ನಿಷೇಧಿಸಲು ಹೋದಾಗ, ೨೦೨೨ರ ಫೆಬ್ರುವರಿ ೧೪ರಂದು ರಾಜ್ಯದ ಉಚ್ಚ ನ್ಯಾಯಾಲಯವು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿತೆಂಬುದೂ ದಿಟ. ಆದರೆ ನ್ಯಾಯಾಲಯದ ಪ್ರಶ್ನೆ ಬೇರೆ, ಗೃಹಸ್ಥನ ಪ್ರಶ್ನೆ ಬೇರೆ. ಆಡುವವನಿಗೆ ಕೌಶಲ್ಯವಿದೆಯೆ ಎಂಬುದು ನ್ಯಾಯಾಲಯವು ಕೇಳಿದ ಪ್ರಶ್ನೆ. ಮಣೆಯ ಒಡೆಯನು ಎಂದಾದರೂ ಸೋಲುವನೆ ಎಂಬುದು ಗೃಹಸ್ಥನು ಕೇಳಬೇಕಾದ ಪ್ರಶ್ನೆ. ಶಕುನಿಗೂ ಕೌಶಲ್ಯವಿದ್ದಿತು, ಧರ್ಮರಾಯನಿಗೆ ಇದ್ದುದು ಕೌಶಲ್ಯವಿದೆಯೆಂಬ ಭ್ರಾಂತಿ. ಆ ಭ್ರಾಂತಿಯನ್ನು ಮಾರುವುದೇ ಈ ವ್ಯಾಪಾರದ ಬಂಡವಾಳವಾಗಿದ್ದಿತು.

ಕೌಟಿಲ್ಯನು ಈ ವಿಷಯದಲ್ಲಿ ಕಣ್ಣು ತೆರೆದು ಬರೆದವನು. ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷನೆಂಬ ಅಧಿಕಾರಿಯನ್ನು ನಿಯಮಿಸಿ, ಜೂಜು ಒಂದೇ ಸ್ಥಳದಲ್ಲಿ ನಡೆಯಬೇಕು, ಶುದ್ಧವಾದ ದಾಳಗಳನ್ನು ಅಧ್ಯಕ್ಷನೇ ಒದಗಿಸಬೇಕು, ಗೆದ್ದ ಹಣದಲ್ಲಿ ನೂರಕ್ಕೆ ಐದನ್ನು ಅವನು ತೆಗೆದುಕೊಳ್ಳಬೇಕು, ದಾಳದ ಬಾಡಿಗೆ ಬೇರೆ ಎಂದು ವಿಧಿಸಿದನು. ಮಣೆಯ ಒಡೆಯನಿಗೆ ಎಂದಿಗೂ ನಷ್ಟವಿಲ್ಲವೆಂಬ ಗುಟ್ಟನ್ನು ಆ ಕಾಲಕ್ಕೇ ಅರಿತವನು ಅವನು. ಆದರೆ ಅವನ ಜೂಜುಮನೆಗೆ ಹೋಗಬೇಕಾದರೆ ಮನುಷ್ಯನು ಮನೆಯಿಂದ ಹೊರಡಬೇಕಾಗಿದ್ದಿತು, ಬೀದಿಯಲ್ಲಿ ನಾಲ್ಕು ಜನರ ಕಣ್ಣಿಗೆ ಬೀಳಬೇಕಾಗಿದ್ದಿತು. ಮೊಬೈಲಿನ ಜೂಜುಮನೆಗೆ ಹೊಸ್ತಿಲಿಲ್ಲ. ಹೊದಿಕೆಯೊಳಗೆ ಮಲಗಿಯೇ ಹೊಗಬಹುದು. ಸರಕಾರವು ೨೦೨೩ರ ಅಕ್ಟೋಬರು ೧ರಿಂದ ಇಂತಹ ಆಟಕ್ಕೆ ಹಾಕುವ ಹಣದ ಪೂರ್ಣ ಮೌಲ್ಯದ ಮೇಲೆ ನೂರಕ್ಕೆ ಇಪ್ಪತ್ತೆಂಟರ ತೆರಿಗೆಯನ್ನು ವಿಧಿಸಿತು. ಕೌಟಿಲ್ಯನ ಐದೆಲ್ಲಿ, ಈ ಇಪ್ಪತ್ತೆಂಟೆಲ್ಲಿ! ಕೊನೆಗೆ ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಹಣದ ಆಟಗಳನ್ನೇ ನಿಷೇಧಿಸುವ ಕಾಯಿದೆಯನ್ನು ಮಾಡಿತು. ಆಗಸ್ಟು ೨೨ರಂದು ರಾಷ್ಟ್ರಪತಿಯವರ ಅಂಕಿತವಾಯಿತು. ಅಂತಹ ಆಟವನ್ನು ನಡೆಸುವವನಿಗೆ ಮೂರು ವರ್ಷಗಳವರೆಗೆ ಸೆರೆ, ಒಂದು ಕೋಟಿ ರೂಪಾಯಿಯವರೆಗೆ ದಂಡ, ಆಡಿದವನಿಗೆ ಶಿಕ್ಷೆಯಿಲ್ಲ. ದೊಡ್ಡ ದೊಡ್ಡ ಕಂಪೆನಿಗಳು ಹಣದ ಪಂದ್ಯಗಳನ್ನು ನಿಲ್ಲಿಸಿದುವು. ಕೌಶಲ್ಯವೇ ಮುಖ್ಯವಾಗಿದ್ದರೆ, ಹಣವನ್ನು ತೆಗೆದೊಡನೆ ಆ ರಸಿಕರ ಉತ್ಸಾಹವು ಇಳಿದುದು ಏಕೆ ಎಂಬುದನ್ನು ಆ ಪಕ್ಷದವರೇ ಹೇಳಬೇಕು.

"ಹಾಗಾದರೆ ಸರಕಾರವೇ ನೋಡಿಕೊಳ್ಳುವುದಲ್ಲ, ಇನ್ನು ಚಿಂತೆಯೇನು?" ಎಂದು ಕೈಕಟ್ಟಿ ಕುಳಿತುಕೊಳ್ಳುವವರಿಗೆ ಮೇಲಿನ ಗುಂಡಿನಾಟದ ಇತಿಹಾಸವೇ ಸಮಾಧಾನ. ಮುಂಬಾಗಿಲಿನಿಂದ ಹೋದುದು ಹೆಸರು ಬದಲಿಸಿಕೊಂಡು ಹಿಂಬಾಗಿಲಿನಿಂದ ಬಂದಿತು. ಚೀನಾ ದೇಶವು ೨೦೨೧ರಲ್ಲಿ ಹದಿನೆಂಟರ ಕೆಳಗಿನವರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜೆಯ ದಿನಗಳಲ್ಲಿ ರಾತ್ರಿ ಎಂಟರಿಂದ ಒಂಬತ್ತರವರೆಗೆ ಮಾತ್ರ ಆಟವೆಂದು ಕಟ್ಟಳೆ ಮಾಡಿತು. ಅಂತಹ ಕಟ್ಟಳೆಯನ್ನು ದೆಹಲಿಯು ಮಾಡಬೇಕೆಂದು ಕಾಯುವುದಕ್ಕಿಂತ ಮನೆಯ ಯಜಮಾನನು ತನ್ನ ಮನೆಗೆ ತಾನೇ ಮಾಡಿಕೊಳ್ಳುವುದು ಸುಲಭವೂ ಹೌದು, ಗೌರವವೂ ಹೌದು. ೨೦೨೫ರ ಕಾಯಿದೆಯು ಹಣ ಪಣವಿಡುವ ಆಟಗಳನ್ನು ಮಾತ್ರ ತಡೆಯುತ್ತದೆ. ಕೊನೆಯಿಲ್ಲದ ಮೆಟ್ಟಿಲುಗಳ ಆಟಕ್ಕೆ ಅದರಲ್ಲಿ ತಡೆಯಿಲ್ಲ, ಇರಬೇಕಾಗಿಯೂ ಇಲ್ಲ. ಅಲ್ಲಿ ಪೊಲೀಸಿನವನಿಗಿಂತ ಹೆಚ್ಚಿನ ಅಧಿಕಾರವುಳ್ಳವರು ತಂದೆತಾಯಿಗಳು. ಆಟದ ಮೇಲಿನ ಹಿಡಿತವೇ ತಪ್ಪಿಹೋದ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಅಂಗೀಕೃತವಾದ ರೋಗಗಳ ಪಟ್ಟಿಗೆ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ೨೦೧೪ರಿಂದಲೇ ಇದಕ್ಕಾಗಿ ಪ್ರತ್ಯೇಕ ಚಿಕಿತ್ಸಾವಿಭಾಗವುಂಟು. ಆ ಬಾಗಿಲಿನವರೆಗೆ ಮಗುವು ಹೋಗುವುದಕ್ಕೆ ಮೊದಲು ಮನೆಯಲ್ಲಿ ಕೇಳಬೇಕಾದ ಮಾತುಗಳು ಬಹಳವಿರುವುವು.

ಇಲ್ಲಿ ಹಿರಿಯರಿಗೆ ಕಹಿಯಾದ ಮಾತೊಂದನ್ನು ಹೇಳದೆ ವಿಧಿಯಿಲ್ಲ. ಮಗನ ಕೈಯಿಂದ ಮೊಬೈಲನ್ನು ಕಸಿದುಕೊಂಡ ತಂದೆಯು ಅದೇ ಮೊಬೈಲಿನಲ್ಲಿ ಮಿಠಾಯಿ ಒಡೆಯುತ್ತ ಕುಳಿತರೆ ಆ ಉಪದೇಶವು ಯಾರ ಕಿವಿಗೆ ಹೋಗುವುದು? ಕೊಯಿಲಿನ ಹಣ ಕೈಗೆ ಬಂದ ತಿಂಗಳಲ್ಲಿ ಇಸ್ಪೀಟಿನ ಮನೆಗೆ ದಾರಿ ಹಿಡಿಯುವ, ಕ್ರಿಕೆಟ್ಟಿನ ಕಾಲದಲ್ಲಿ ಗುಟ್ಟಾಗಿ ಬಾಜಿ ಕಟ್ಟುವ ದೊಡ್ಡವರು ಈ ಸೀಮೆಯಲ್ಲಿ ಇಲ್ಲವೆಂದು ಎದೆ ತಟ್ಟಿ ಹೇಳುವವರು ಯಾರು? ಅಂಥವರು ಮಕ್ಕಳ ಆಟವನ್ನು ಪಾಪವೆನ್ನುವುದು ದೀಪದ ಬುಡದ ಕತ್ತಲೆಯಂತೆ. ಮಕ್ಕಳು ಕೇಳಿ ಕಲಿಯುವುದಕ್ಕಿಂತ ನೋಡಿ ಕಲಿಯುವುದು ಹೆಚ್ಚೆಂಬುದನ್ನು ಪಾಠ ಹೇಳಿದವರೆಲ್ಲರೂ ಬಲ್ಲರು.

ಸಾಹಿತ್ಯದ ಪತ್ರಿಕೆಯಲ್ಲಿ ಇದೇಕೆ ಎಂದು ಕೇಳುವವರೂ ಇರಬಹುದು. ಆಟದೊಡನೆ ಹೋಗುತ್ತಿರುವುದು ಮಾತು, ಅದಕ್ಕಾಗಿ. ಲಗೋರಿ, ಚಿನ್ನಿದಾಂಡು, ಕುಂಟಾಬಿಲ್ಲೆ, ಬುಗುರಿ, ಹುಲಿಕುರಿಯಾಟ, ಒಂದೊಂದು ಆಟವೂ ತನ್ನ ಹಿಂದೆ ಮಾತುಗಳ ಒಂದು ಹಿಂಡನ್ನು ಕಟ್ಟಿಕೊಂಡು ಬಂದಿದ್ದಿತು. ಗರ ಬೀಳುವುದು, ಕಾಯಿ ಹಣ್ಣಾಗುವುದು, ಮನೆ ಕಟ್ಟುವುದು, ಔಟಾದವನನ್ನು ಎಬ್ಬಿಸುವುದು, ಜಗಳವಾಡುವುದು, 'ಟೂ' ಬಿಡುವುದು, ಮತ್ತೆ ಒಂದಾಗುವುದು, ಇವೆಲ್ಲ ಕನ್ನಡದಲ್ಲಿಯೇ ನಡೆಯುತ್ತಿದ್ದುವು. ವ್ಯಾಕರಣವನ್ನು ಶಾಲೆ ಕಲಿಸಿತು; ಮಾತಿನ ಮೊನೆಯನ್ನು ಮಸೆದುದು ಆಟದ ಬಯಲು. ಈಗ ಹುಡುಗನು ತನ್ನ ಆಟವನ್ನು ವರ್ಣಿಸಹೊರಟರೆ ಕ್ರಿಯಾಪದದ ಬಾಲವೊಂದನ್ನು ಬಿಟ್ಟು ಮಿಕ್ಕುದೆಲ್ಲ ಇಂಗ್ಲೀಷು. ಇದು ಅವನ ತಪ್ಪಲ್ಲ. ಆ ಮಣೆಯ ಮೇಲೆ ಅವನಿಗೆ ಕಂಡ ಅಕ್ಷರಗಳೇ ಅವು. ಗೆಲವಿನ ಸಂತೋಷವನ್ನೂ ಸೋಲಿನ ಸಂಕಟವನ್ನೂ ಒಂದು ಭಾಷೆಯಲ್ಲಿ ಅನುಭವಿಸಿ, ಪರೀಕ್ಷೆಯ ಉತ್ತರವನ್ನು ಮಾತ್ರ ಇನ್ನೊಂದರಲ್ಲಿ ಬರೆಯುವ ಮಗುವಿಗೆ ಆ ಎರಡನೆಯ ಭಾಷೆಯು ಎಷ್ಟು ದಿನ ಮುದ್ದಾಗಿರುವುದು? ಕನ್ನಡದ ಉಳಿವಿಗಾಗಿ ಸಭೆಗಳಲ್ಲಿ ನಿರ್ಣಯ ಮಾಡುವವರು ಈ ಒಂದು ಬಾಗಿಲನ್ನು ಕಾಯುವುದನ್ನೇ ಮರೆತಿರುವರು.

ಪುಣೆಯ ಕೆಲವು ತರುಣರು ೨೦೨೦ರಲ್ಲಿ 'ರಾಜಿ' ಎಂಬ ಆಟವನ್ನು ಮಾಡಿ, ಪುರಾಣದ ದೇವಾಸುರರ ನಡುವೆ ತಮ್ಮನನ್ನು ಹುಡುಕುವ ಹುಡುಗಿಯೊಬ್ಬಳ ಕಥೆಯನ್ನು ಮೊದಲು ಆ ಜಪಾನಿನ ಅಂಗೈ ಯಂತ್ರದಲ್ಲಿಯೇ ಹೊರತಂದರು. ಪುಣೆಯವರು ಮಾಡಬಹುದಾದುದನ್ನು ಯಂತ್ರವಿದ್ಯೆಯ ರಾಜಧಾನಿಯೆಂದು ಹೆಸರು ಪಡೆದ ಬೆಂಗಳೂರುಳ್ಳ ನಾಡು ಮಾಡಲಾರದೆಂದು ಹೇಳುವುದು ಅವಮಾನ. ಅಳಗುಳಿಮಣೆಯ ಲೆಕ್ಕಾಚಾರ, ಮುಮ್ಮಡಿಯವರ ಗಂಜೀಫಿನ ಚಿತ್ರಗಳು, ನಕ್ಷತ್ರಾಕಾರದ ಮಂಜರಾಬಾದು ಕೋಟೆ, ಬಿಸಿಲೆಯ ಕಾಡು, ಹೇಮಾವತಿಯ ಹರಿವು, ಆನೆಯ ದಾರಿ, ಇವುಗಳಲ್ಲಿ ಆಟಕ್ಕೆ ವಸ್ತು ಸಾಲದೆ? ಹಣೆಯ ಮೇಲೆ ಸಕಲೇಶಪುರವೆಂದು ಬರೆದ ಬಸ್ಸನ್ನು ಇಂಡೋನೇಷಿಯದ ರಸ್ತೆಯಲ್ಲಿ ಓಡಿಸುವ ಹುಡುಗನು ಶಿರಾಡಿಯ ರಸ್ತೆಗಾಗಿಯೇ ಕಾದಿರುವನು.

ಅಲ್ಲಿಯವರೆಗೆ ಮನೆಗಳಲ್ಲಿ ಮಾಡಬಹುದಾದುದು ಅಲ್ಪವಲ್ಲ. ತಂದೆಯಾಗಲಿ ತಾಯಿಯಾಗಲಿ ಮಗುವಿನ ಪಕ್ಕದಲ್ಲಿ ಕುಳಿತು ಒಂದು ಸಂಜೆ ಅದರ ಆಟವನ್ನು ತಾವೂ ಆಡಿ ಸೋಲಬೇಕು. ಸೋತ ಮೇಲೆ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು: ಈ ಆಟವು ಎಲ್ಲಿ ಮುಗಿಯುವುದು? ಎದುರಿನಲ್ಲಿ ಆಡುವವರು ಯಾರು? ಗೆಲ್ಲುವುದು ಬುದ್ಧಿಯಿಂದಲೋ, ಕೊಂಡ ಸಾಮಾನಿನಿಂದಲೋ? ನೀನು ನಾಳೆ ಆಡದಿದ್ದರೆ ಯಾರಿಗೆ ನಷ್ಟ? ಈ ನಾಲ್ಕಕ್ಕೂ ಉತ್ತರ ಹೇಳಬಲ್ಲ ಮಗುವು ತನ್ನ ಆಟವನ್ನು ತಾನೇ ಅಳೆಯಲು ಕಲಿತಂತಾಯಿತು. ಅದಕ್ಕೆ ಕಾವಲು ಬೇಡ. ಬ್ಯಾಂಕಿನ ಗುಟ್ಟಿನ ಸಂಖ್ಯೆಯುಳ್ಳ ಮೊಬೈಲನ್ನು ಮಗುವಿನ ಕೈಗೆ ಕೊಡತಕ್ಕದ್ದಲ್ಲ. ಹಣದ ಪೆಟ್ಟಿಗೆಯ ಬೀಗದ ಕೈಯನ್ನು ಆಟಕ್ಕೆ ಕೊಡುವವರುಂಟೆ? ಮಳೆಗಾಲಕ್ಕೊಮ್ಮೆ ಅಟ್ಟದ ಮೇಲಿನ ಮಣೆಯು ಕೆಳಗಿಳಿಯಲಿ. ಅಜ್ಜಿಯಿದ್ದ ಮನ��ಯಲ್ಲಿ ಅವರೇ ಗುರುಗಳಾಗಲಿ. ಸಾಹಿತ್ಯದ ಪತ್ರಿಕೆಗಳು ಹೊಸ ಪುಸ್ತಕಗಳನ್ನು ವಿಮರ್ಶಿಸುವಂತೆ ತಿಂಗಳಿಗೊಂದು ಆಟವನ್ನೂ ಕನ್ನಡದಲ್ಲಿ ವಿಮರ್ಶಿಸಲಿ. ಬರೆಯುವವರು ಹೈಸ್ಕೂಲಿನ ಹುಡುಗರೂ ಹುಡುಗಿಯರೂ ಆಗಲಿ. ತಾನು ಆಡಿದ ಆಟವನ್ನು ತನ್ನ ನುಡಿಯಲ್ಲಿ ತೂಗಿ ಹೇಳಬಲ್ಲವನನ್ನು ಯಾವ ಮಣೆಯ ಒಡೆಯನೂ ಸುಲಭವಾಗಿ ಮೋಸಗೊಳಿಸಲಾರನು.

ಮುಂದಿನ ಮುಂಗಾರು ದೂರವಿಲ್ಲ. ಹೊರಗೆ ಹೋಗಲಾಗದ ಆ ಸಂಜೆಗಳಲ್ಲಿ ಮಕ್ಕಳು ಆಡಿಯೇ ಆಡುವರು. ಅದು ಅವರ ವಯೋಧರ್ಮ. ಅವರು ಯಾವ ಮಣೆಯ ಮೇಲೆ, ಯಾರೊಡನೆ, ಯಾವ ಭಾಷೆಯಲ್ಲಿ ಆಡುವರೆಂಬುದನ್ನು ನಿಶ್ಚಯಿಸುವ ಅಧಿಕಾರವು ಈಗ ಕ್ಯಾಲಿಫೋರ್ನಿಯದಲ್ಲಿಯೋ ಸಿಯೋಲಿನಲ್ಲಿಯೋ ಕುಳಿತವರ ಕೈಯಲ್ಲಿದೆ. ಅದನ್ನು ಮರಳಿ ಮನೆಯ ಜಗಲಿಗೆ ತರುವುದಕ್ಕೆ ಕಾಯಿದೆ ಬೇಡ, ಚಂದಾ ಬೇಡ, ಸಭೆಯ ನಿರ್ಣಯವೂ ಬೇಡ. "ಮಗೂ, ಏನು ಆಡುತ್ತಿದ್ದೀಯೆ? ನನಗೂ ಸ್ವಲ್ಪ ಹೇಳಿಕೊಡು" ಎಂದು ಕೇಳುವಷ್ಟು ವಿನಯವು ಹಿರಿಯರಲ್ಲಿದ್ದರೆ ಸಾಕು.